ಒಂದು ಯಂತ್ರ, ಹಲವರ ಸರದಿ

ಪಾಠಶಾಲೆಯೊಂದರ ಕಚೇರಿಯಿಂದ ಅಚ್ಚಾಗಿ ಹೊರಬೀಳುವ ಕಾಗದಗಳು ಎಷ್ಟು ಬಗೆಯವೆಂಬುದನ್ನು ಹೊರಗಿನವರು ಊಹಿಸುವುದು ಕಷ್ಟ. ವರ್ಗಾವಣೆ ಪತ್ರ, ವ್ಯಾಸಂಗ ಪ್ರಮಾಣಪತ್ರ, ಅಂಕಪಟ್ಟಿ, ವೇಳಾಪಟ್ಟಿ, ಪೋಷಕರ ಸಭೆಯ ತಿಳಿವಳಿಕೆ ಪತ್ರ, ಬಿಸಿಯೂಟದ ಲೆಕ್ಕ, ಇವೆಲ್ಲಕ್ಕೂ ಮಿಗಿಲಾಗಿ ಪ್ರಶ್ನೆಪತ್ರಿಕೆ. ಇವುಗಳಲ್ಲಿ ಕೆಲವು ಎಲ್ಲರೂ ನೋಡಬೇಕಾದವು. ಕೆಲವು ಒಬ್ಬರೇ ನೋಡಬೇಕಾದವು. ಮತ್ತೆ ಕೆಲವು ನಿಗದಿಯಾದ ಗಳಿಗೆಯವರೆಗೂ ಯಾರೂ ನೋಡಬಾರದವು. ಆದರೆ ಇವೆಲ್ಲವೂ ಹೊರಬರುವುದು ಒಂದೇ ಯಂತ್ರದ ಬಾಯಿಂದ. ಈ ಸಂಸ್ಥೆಯ ಹಳೆಯ ವಿದ್ಯಾರ್ಥಿಯಾಗಿ, ಈಗ ಬೇರೊಂದು ತಾಲ್ಲೂಕಿನ ಪ್ರೌಢಶಾಲೆಯಲ್ಲಿ ಗಣಿತದ ಅಧ್ಯಾಪಕನಾಗಿರುವ ನನ್ನನ್ನು ಸಂಪಾದಕ ಮಂಡಳಿಯವರು ಸ್ಮರಣ ಸಂಚಿಕೆಗಾಗಿ ಏನಾದರೂ ಬರೆಯಿರೆಂದು ಕೇಳಿದಾಗ, ನನಗೆ ತಿಳಿದ ದೊಡ್ಡ ವಿಷಯಗಳಿಗಿಂತ ನಾನು ಕೈಯಾರೆ ಮಾಡಿದ ಈ ಚಿಕ್ಕ ಕೆಲಸದ ಕುರಿತು ಬರೆಯುವುದೇ ಲೇಸೆನಿಸಿತು.

ನಾನು ವೃತ್ತಿಗೆ ಬಂದ ಹೊಸತರಲ್ಲಿ ಪ್ರಶ್ನೆಪತ್ರಿಕೆಗಳು ಸೈಕ್ಲೋಸ್ಟೈಲ್ ಯಂತ್ರದಲ್ಲಿ ಸಿದ್ಧವಾಗುತ್ತಿದ್ದವು. ಮೇಣದ ಲೇಪವಿದ್ದ ಸ್ಟೆನ್ಸಿಲ್ ಕಾಗದದ ಮೇಲೆ ಬರೆದು, ಅದನ್ನು ಉರುಳೆಗೆ ಹಚ್ಚಿ, ಹಿಡಿಕೆಯನ್ನು ತಿರುಗಿಸಿದಷ್ಟೂ ಪ್ರತಿಗಳು ಬೀಳುತ್ತಿದ್ದವು. ಕೈಯೆಲ್ಲ ಮಸಿಯಾಗುತ್ತಿತ್ತು ನಿಜ. ಆದರೆ ಆ ಯಂತ್ರದಲ್ಲಿ ಗುಟ್ಟೆಂಬುದಿರಲಿಲ್ಲ. ಕಾಗದ ಮುಗಿದರೆ ಕಣ್ಣಿಗೆ ಕಾಣುತ್ತಿತ್ತು, ಮಸಿ ಒಣಗಿದರೆ ತಿಳಿಯುತ್ತಿತ್ತು. ಕೆಲಸ ಮುಗಿದ ಮೇಲೆ ಸ್ಟೆನ್ಸಿಲನ್ನು ಮುಖ್ಯೋಪಾಧ್ಯಾಯರ ಎದುರಿನಲ್ಲಿಯೇ ಸುಟ್ಟುಬಿಟ್ಟರೆ ಪ್ರಶ್ನೆಪತ್ರಿಕೆಯ ಮೂಲವೂ ಇಲ್ಲವಾಗುತ್ತಿತ್ತು. ಗಣಕಯಂತ್ರ ಬಂದ ಮೇಲೆ ಕೈ ಶುಭ್ರವಾಯಿತು, ಅಕ್ಷರ ಅಂದವಾಯಿತು. ಆದರೆ ಯಾವ ಬರಹ ಎಲ್ಲಿ ಉಳಿದಿದೆ, ಯಂತ್ರವೇಕೆ ನಿಂತಿದೆ ಎಂಬ ಎರಡು ಪ್ರಶ್ನೆಗಳಿಗೆ ಕಣ್ಣಿನಿಂದ ಉತ್ತರ ಸಿಗುವುದು ನಿಂತುಹೋಯಿತು.

ನಮ್ಮ ಶಾಲೆಯಲ್ಲಿದ್ದುದು ಎರಡೂ ಬದಿ ಮುದ್ರಿಸಬಲ್ಲ ಒಂದೇ ಒಂದು ಲೇಸರ್ ಪ್ರಿಂಟರ್. ಅದು ಯುಎಸ್‌ಬಿ ಕೇಬಲ್ಲಿನಿಂದ ಗುಮಾಸ್ತರ ಗಣಕಯಂತ್ರಕ್ಕೆ ಕಟ್ಟಿಹಾಕಿದಂತಿತ್ತು. ಉಳಿದವರಿಗೆ ಅದು ಬೇಕಾದರೆ ಪೆನ್‌ಡ್ರೈವ್ ಹಿಡಿದು ಗುಮಾಸ್ತರ ಮೇಜಿನ ಮುಂದೆ ನಿಲ್ಲಬೇಕು. ಒಬ್ಬರ ಪೆನ್‌ಡ್ರೈವಿನ ವೈರಸ್ ಇನ್ನೊಬ್ಬರ ಬರಹವನ್ನು ಕೆಡಿಸಬೇಕು. ಒಂದು ಯಂತ್ರದಲ್ಲಿದ್ದ ಕನ್ನಡದ ಅಕ್ಷರಶೈಲಿ ಇನ್ನೊಂದರಲ್ಲಿ ಇಲ್ಲದಿದ್ದರೆ, ಇಡೀ ಪಾಠಪತ್ರಿಕೆ ಅರ್ಥವಿಲ್ಲದ ಚಿಹ್ನೆಗಳಾಗಿ ಮಾರ್ಪಡಬೇಕು. ಇವೆಲ್ಲ ಸಹಿಸಬಹುದಾದ ತೊಂದರೆಗಳು. ಸಹಿಸಲಾಗದ್ದು ಒಂದು ವರ್ಷ ಹಬ್ಬಿದ ಗುಸುಗುಸು. ಪೂರ್ವಸಿದ್ಧತಾ ಪರೀಕ್ಷೆಯ ಪ್ರಶ್ನೆಗಳು ಕೆಲವು ಹುಡುಗರಿಗೆ ಮೊದಲೇ ತಿಳಿದಿದ್ದವೆಂದು ಊರಲ್ಲಿ ಮಾತಾಯಿತು. ವಿಚಾರಣೆಯಲ್ಲಿ ಯಾವುದೂ ರುಜುವಾತಾಗಲಿಲ್ಲ. ಆದರೆ ಎಲ್ಲ ಪ್ರಶ್ನೆಪತ್ರಿಕೆಗಳೂ ಗುಮಾಸ್ತರ ಗಣಕಯಂತ್ರದಲ್ಲಿಯೇ ಉಳಿಯುತ್ತಿದ್ದುದರಿಂದ, ಇಪ್ಪತ್ತು ವರ್ಷ ಒಂದು ಪೈಸೆಯ ವ್ಯತ್ಯಾಸವಿಲ್ಲದೆ ಲೆಕ್ಕವಿಟ್ಟಿದ್ದ ಆ ಮನುಷ್ಯನತ್ತ ಹಲವರ ದೃಷ್ಟಿ ತಿರುಗಿತು. ಅವರು ನನ್ನೊಡನೆ ಹೇಳಿದ್ದು ಇಷ್ಟೇ: “ನಾ ತಗೊಂಡಿಲ್ಲ ಅಂತ ಹೆಂಗ ತೋರಸ್ಲಿ ಸರ್? ನನ್ನ ಮಷಿನ್‌ದಾಗ ಇದ್ದದ್ದಂತೂ ಖರೆ.” ಒಬ್ಬ ಪ್ರಾಮಾಣಿಕನನ್ನು ಸಂಶಯಕ್ಕೆ ಗುರಿಮಾಡುವಂತಹ ಏರ್ಪಾಟು, ಕಳವಿಗೆ ಎಡೆಗೊಡುವ ಏರ್ಪಾಟಿನಷ್ಟೇ ಕೆಟ್ಟದ್ದೆಂದು ನನಗೆ ಅಂದು ಅನ್ನಿಸಿತು. ಪ್ರಿಂಟರನ್ನು ಒಬ್ಬರ ಮೇಜಿನಿಂದ ಬಿಡಿಸಿ ಎಲ್ಲರದನ್ನಾಗಿ ಮಾಡಬೇಕೆಂಬ ಸಂಕಲ್ಪ ಹುಟ್ಟಿದ್ದು ಅಲ್ಲಿಂದ.

ಹಲವು ಗಣಕಯಂತ್ರಗಳಿಂದ ಬರುವ ಬರಹಗಳನ್ನು ಜಾಲದ ಮೂಲಕ ಬರಮಾಡಿಕೊಂಡು, ಅವನ್ನು ಸರದಿಯಲ್ಲಿ ನಿಲ್ಲಿಸಿ, ಒಂದೊಂದಾಗಿ ಪ್ರಿಂಟರಿಗೆ ಒಪ್ಪಿಸುವ ಮಧ್ಯವರ್ತಿಗೆ ಪ್ರಿಂಟ್ ಸರ್ವರ್ ಎಂದು ಹೆಸರು. ಇದು ಹೊಸ ಕಲ್ಪನೆಯಲ್ಲ. ಅಮೆರಿಕದ ಪಾಲೋ ಆಲ್ಟೋದಲ್ಲಿದ್ದ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಗ್ಯಾರಿ ಸ್ಟಾರ್ಕ್‌ವೆದರ್ ಎಂಬವರು 1971ರಲ್ಲಿ ಛಾಯಾಪ್ರತಿ ಯಂತ್ರವೊಂದನ್ನು ಮಾರ್ಪಡಿಸಿ ಲೇಸರ್ ಪ್ರಿಂಟರನ್ನು ರೂಪಿಸಿದರು. ಅದೇ ಕೇಂದ್ರದಲ್ಲಿ 1973ರಲ್ಲಿ ಆಲ್ಟೋ ಎಂಬ ಗಣಕಯಂತ್ರವೂ, ಯಂತ್ರಗಳನ್ನು ಒಂದಕ್ಕೊಂದು ಬೆಸೆಯುವ ಈಥರ್ನೆಟ್ ಎಂಬ ಜಾಲದ ಕಲ್ಪನೆಯೂ ಮೂಡಿಬಂದವು. ಈ ಮೂರನ್ನೂ ಜೋಡಿಸಿ, ಹಲವರ ಬರಹಗಳನ್ನು ಒಂದೇ ಲೇಸರ್ ಪ್ರಿಂಟರಿನಲ್ಲಿ ಮುದ್ರಿಸುವ ವ್ಯವಸ್ಥೆಯನ್ನು ಅವರು ಆ ದಶಕದಲ್ಲಿಯೇ ನಡೆಸಿದರು. ನಮ್ಮ ಊರುಗಳಲ್ಲಿ ಆ ಕಂಪನಿಯ ಹೆಸರು ಛಾಯಾಪ್ರತಿಗೆ ಪರ್ಯಾಯಪದವಾಗಿ ಅಂಗಡಿಯ ಫಲಕಗಳ ಮೇಲೆ ಇಂದಿಗೂ ಉಳಿದಿದೆ. ಪ್ರಿಂಟರನ್ನು ಹಂಚಿಕೊಳ್ಳುವ ಪದ್ಧತಿಗೂ ಅದೇ ಮೂಲವೆಂಬುದು ಅಷ್ಟಾಗಿ ತಿಳಿದಿಲ್ಲ.

ಇಂದು ಈ ಕೆಲಸಕ್ಕೆ ದೊಡ್ಡ ಯಂತ್ರ ಬೇಕಿಲ್ಲ. 2012ರಲ್ಲಿ ಮಾರುಕಟ್ಟೆಗೆ ಬಂದ ರಾಸ್ಪ್‌ಬೆರಿ ಪೈ ಎಂಬ ಗಣಕಯಂತ್ರದ ಹಲಗೆ ಅಂಗೈಯಷ್ಟೇ ಇದೆ. ಸಣ್ಣ ದೀಪದಷ್ಟು ವಿದ್ಯುತ್ತನ್ನು ಬಳಸುತ್ತದೆ. ಅದರ ಮೇಲೆ ಲಿನಕ್ಸ್ ವ್ಯವಸ್ಥೆಯನ್ನೂ, ಕಪ್ಸ್ ಎಂಬ ತಂತ್ರಾಂಶವನ್ನೂ ಅಳವಡಿಸಿದೆನು. ಮೈಕೆಲ್ ಸ್ವೀಟ್ ಎಂಬವರು 1997ರಲ್ಲಿ ಬರೆಯಲು ತೊಡಗಿದ ಈ ತಂತ್ರಾಂಶವನ್ನು 2002ರಲ್ಲಿ ಆಪಲ್ ಕಂಪನಿಯೂ ತನ್ನ ಗಣಕಯಂತ್ರಗಳಿಗೆ ಸ್ವೀಕರಿಸಿತು. ಇದು ಇಂಟರ್ನೆಟ್ ಪ್ರಿಂಟಿಂಗ್ ಪ್ರೊಟೋಕಾಲ್ ಎಂಬ ಸಾರ್ವಜನಿಕ ನಿಯಮಾವಳಿಯನ್ನು ಅನುಸರಿಸಿ 631ನೆಯ ಸಂಖ್ಯೆಯ ದ್ವಾರದಲ್ಲಿ ಬರಹಗಳಿಗಾಗಿ ಕಾದಿರುತ್ತದೆ. ಪ್ರಿಂಟರಿನ ಕೇಬಲನ್ನು ಗುಮಾಸ್ತರ ಯಂತ್ರದಿಂದ ತೆಗೆದು ಈ ಹಲಗೆಗೆ ಸಿಕ್ಕಿಸಿ, ರೂಟರಿನಲ್ಲಿ ಈ ಹಲಗೆಗೆ ಬದಲಾಗದ ವಿಳಾಸವೊಂದನ್ನು ಕಾಯ್ದಿರಿಸಿದೆನು. ಮನೆಯ ಸಂಖ್ಯೆ ದಿನಕ್ಕೊಂದಾದರೆ ಅಂಚೆಯವನು ಏನು ಮಾಡಿಯಾನು? ಸರ್ವರಿನ ವಿಳಾಸವೂ ಸ್ಥಿರವಾಗಿರಬೇಕು. ಪ್ರಿಂಟರಿನ ತಯಾರಕರು ಒದಗಿಸಿದ್ದ ಚಾಲಕ ತಂತ್ರಾಂಶ ಈ ಹಲಗೆಯ ಬಗೆಯ ಯಂತ್ರಗಳಿಗೆ ಒಗ್ಗುತ್ತಿರಲಿಲ್ಲ. ಆದರೆ ದೂರದೇಶದ ಆಸಕ್ತರು ಆ ಪ್ರಿಂಟರಿನ ಭಾಷೆಯನ್ನು ತಾವಾಗಿಯೇ ಅಭ್ಯಸಿಸಿ ಬರೆದು, ಮೂಲಸಹಿತವಾಗಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದ ಚಾಲಕವೊಂದಿತ್ತು. ಅದು ನಮ್ಮ ಹಲಗೆಯ ಮೇಲೆ ಸುಸೂತ್ರವಾಗಿ ನಡೆಯಿತು.

ಸ್ಥಾಪನೆ ಒಂದು ಮಧ್ಯಾಹ್ನದ ಕೆಲಸ. ಅದನ್ನು ನಮ್ಮ ಶಾಲೆಗೆ ತಕ್ಕಂತೆ ಒಗ್ಗಿಸಿಕೊಳ್ಳುವುದಕ್ಕೆ ಎರಡು ತಿಂಗಳು ಹಿಡಿಯಿತು. ಮೊದಲನೆಯದು ಕಾಗದದ ಅಳತೆ. ಅಮೆರಿಕದ ಲೆಟರ್ ಅಳತೆಗೂ ನಮ್ಮ ಎ4 ಅಳತೆಗೂ ಉದ್ದದಲ್ಲಿ ಸುಮಾರು 18 ಮಿಲಿಮೀಟರುಗಳ ವ್ಯತ್ಯಾಸವಿದೆ. ಎಲ್ಲೋ ಒಂದೆಡೆ ಲೆಟರ್ ಎಂದು ಉಳಿದುಬಿಟ್ಟರೆ, ಯಂತ್ರವು ಇಲ್ಲದ ಕಾಗದಕ್ಕಾಗಿ ಕಾಯುತ್ತ ನಿಲ್ಲಬಹುದು. ಅದನ್ನು ಎಲ್ಲೆಡೆ ಎ4 ಎಂದು ತಿದ್ದಿದೆನು. ಎರಡನೆಯದಾಗಿ, ಒಂದೇ ಪ್ರಿಂಟರಿಗೆ ಮೂರು ಹೆಸರಿನ ಮೂರು ಸರದಿಗಳನ್ನು ಮಾಡಿದೆನು. ‘ಪಾಠ’ ಎಂಬ ಸರದಿಗೆ ಕಳುಹಿಸಿದ್ದು ತಾನಾಗಿಯೇ ಕಾಗದದ ಎರಡೂ ಬದಿಗೆ ಅಚ್ಚಾಗುತ್ತದೆ. ‘ಪತ್ರ’ ಎಂಬುದಕ್ಕೆ ಕಳುಹಿಸಿದ್ದು ಒಂದೇ ಬದಿಗೆ. ಮೂರನೆಯದಾದ ‘ಪ್ರಶ್ನೆ’ಯ ವಿಷಯವನ್ನು ಮುಂದೆ ಹೇಳುವೆನು. ಮೂರನೆಯದಾಗಿ, ಒಂದು ಬರಹ ಕೆಟ್ಟು ನಿಂತಾಗ ಏನಾಗಬೇಕೆಂಬ ನಿಯಮ. ಇಡೀ ಪ್ರಿಂಟರನ್ನೇ ನಿಲ್ಲಿಸಬಹುದು, ಆ ಬರಹವನ್ನಷ್ಟೇ ಕೈಬಿಡಬಹುದು, ಅಥವಾ ಸ್ವಲ್ಪ ಹೊತ್ತಿನ ಮೇಲೆ ಅದನ್ನು ಮತ್ತೆ ಪ್ರಯತ್ನಿಸಬಹುದು. ಒಬ್ಬರ ಕೆಟ್ಟ ಕಡತಕ್ಕಾಗಿ ಹಿಂದಿನ ಹತ್ತು ಜನ ಕಾಯುವಂತಾಗುವುದು ನ್ಯಾಯವಲ್ಲವೆಂದು ನಾನು ಕೊನೆಯದನ್ನು ಆರಿಸಿಕೊಂಡೆ. ಪುಟವನ್ನು ಆಯಾ ಗಣಕಯಂತ್ರವೇ ಸಿದ್ಧಗೊಳಿಸಿ ಅಕ್ಷರರೂಪಗಳ ಸಮೇತ ಕಳುಹಿಸುವುದರಿಂದ, ಕನ್ನಡ ಬರಹ ಚಿಹ್ನೆಗಳಾಗಿ ಕೆಡುವ ಕಾಟವೂ ತಪ್ಪಿತು.

ಇಷ್ಟಾದರೂ ಒಂದು ಕೊರತೆ ಉಳಿಯಿತು. ಪ್ರಿಂಟರ್ ಇರುವುದು ಕಚೇರಿಯಲ್ಲಿ, ಮುದ್ರಿಸಲು ಕಳುಹಿಸುವವರು ಮಹಡಿಯ ಮೇಲಿನ ಅಧ್ಯಾಪಕರ ಕೊಠಡಿಯಲ್ಲಿ. ಕಾಗದ ಮುಗಿದು ಯಂತ್ರ ನಿಂತರೆ ಅವರಿಗೆ ತಿಳಿಯದು. ಬಂದಿಲ್ಲವೆಂದು ಅವರು ಅದೇ ಬರಹವನ್ನು ಮತ್ತೆ ಮತ್ತೆ ಕಳುಹಿಸುವರು. ಕಾಗದ ಹಾಕಿದೊಡನೆ ಎಲ್ಲ ಪ್ರತಿಗಳೂ ಒಮ್ಮೆಲೆ ಹೊರಬೀಳುವವು. ಈ ಕೊರತೆಗೂ ಒಂದು ಇತಿಹಾಸವಿದೆ. ಅಮೆರಿಕದ ಎಂ.ಐ.ಟಿ.ಯ ಕೃತಕ ಬುದ್ಧಿಮತ್ತೆಯ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬ ತರುಣ ತಂತ್ರಜ್ಞರು ಅಲ್ಲಿನ ಹಳೆಯ ಪ್ರಿಂಟರಿನ ತಂತ್ರಾಂಶವನ್ನು ತಿದ್ದಿ, ಕಾಗದ ಸಿಕ್ಕಿಕೊಂಡಾಗ ಸರದಿಯಲ್ಲಿ ಕಾಯುತ್ತಿರುವ ಎಲ್ಲರಿಗೂ ಸಂದೇಶ ಹೋಗುವಂತೆ ಮಾಡಿದ್ದರು. ಯಂತ್ರವನ್ನು ಅವರು ದುರಸ್ತಿ ಮಾಡಲಿಲ್ಲ. ಕಾಯುತ್ತಿದ್ದವರಲ್ಲಿ ಯಾರಾದರೊಬ್ಬರು ಎದ್ದುಹೋಗಿ ಸರಿಪಡಿಸುವಂತೆ ಮಾಡಿದರು, ಅಷ್ಟೆ. 1980ರ ಸುಮಾರಿಗೆ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಹೊಸ ಲೇಸರ್ ಪ್ರಿಂಟರ್ ಬಂದಾಗ ಅದರ ತಂತ್ರಾಂಶದ ಮೂಲಲಿಪಿ ಅವರಿಗೆ ದೊರೆಯಲಿಲ್ಲ. ಮೂಲಲಿಪಿಯಿದ್ದ ಬೇರೊಂದು ವಿಶ್ವವಿದ್ಯಾಲಯದ ವಿದ್ವಾಂಸರೊಬ್ಬರನ್ನು ಕೇಳಿದರೆ, ಯಾರಿಗೂ ಕೊಡುವುದಿಲ್ಲವೆಂದು ಕರಾರು ಬರೆದುಕೊಟ್ಟಿರುವೆನೆಂದು ಅವರು ನಿರಾಕರಿಸಿದರು. ಈ ನಿರಾಕರಣೆ ಸ್ಟಾಲ್‌ಮನ್ನರ ಮನಸ್ಸಿನಲ್ಲಿ ಆಳವಾಗಿ ನಾಟಿತು. 1983ರಲ್ಲಿ ಅವರು ಘೋಷಿಸಿದ ಗ್ನೂ ಯೋಜನೆಯ ಹಿನ್ನೆಲೆಯನ್ನು ಹೇಳುವಾಗಲೆಲ್ಲ ಈ ಪ್ರಿಂಟರಿನ ಪ್ರಸಂಗ ಬರುತ್ತದೆ. ಬಳಸುವವನಿಗೆ ತಿದ್ದುವ ಸ್ವಾತಂತ್ರ್ಯವಿರಬೇಕೆಂಬ ದೊಡ್ಡ ವಾದದ ಹಿಂದೆ ಕಾಗದ ಸಿಕ್ಕಿಕೊಂಡಿತೆಂಬ ಇಷ್ಟು ಚಿಕ್ಕ ಸುದ್ದಿ ಇದೆಯೆಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ನಮಗೆ ದೊರೆತ ತಂತ್ರಾಂಶದಲ್ಲಿ ಆ ಸ್ವಾತಂತ್ರ್ಯವಿತ್ತು. ಕಪ್ಸ್ ತನ್ನ ಸ್ಥಿತಿಯನ್ನು ತೋರಿಸಲು ಪುಟಗಳ ಅಚ್ಚುಗಳನ್ನು ಇಟ್ಟುಕೊಂಡಿರುತ್ತದೆ. ಜರ್ಮನ್, ಸ್ಪ್ಯಾನಿಷ್, ಜಪಾನಿ ಮುಂತಾದ ಭಾಷೆಗಳಿಗೆ ಬೇರೆ ಬೇರೆ ಕೋಶಗಳಿರುತ್ತವೆ. ಅವುಗಳ ಪಕ್ಕದಲ್ಲಿ ಕನ್ನಡಕ್ಕೂ ಒಂದು ಕೋಶವನ್ನು ಮಾಡಿ, ಬಿಡುವಿನ ಸಂಜೆಗಳಲ್ಲಿ ಒಂದೊಂದೇ ಪುಟವನ್ನು ಕನ್ನಡಿಸಿದೆನು. ಪ್ರಿಂಟರ್ ತನ್ನ ಸ್ಥಿತಿಯನ್ನು ನಿಯಮಾವಳಿಯಲ್ಲಿ ಗೊತ್ತುಪಡಿಸಿದ ಕೆಲವು ಇಂಗ್ಲಿಷ್ ಪದಗಳಲ್ಲಿ ತಿಳಿಸುತ್ತದೆ. ನಮ್ಮ ಯಂತ್ರ ತಿಳಿಸಬಲ್ಲವು ಕೆಲವೇ. ಅವುಗಳಿಗೆ ‘ಕಾಗದ ಮುಗಿದಿದೆ’, ‘ಕಾಗದ ಸಿಕ್ಕಿಕೊಂಡಿದೆ’, ‘ಮುಚ್ಚಳ ತೆರೆದಿದೆ’ ಎಂದು ದೊಡ್ಡ ಅಕ್ಷರಗಳಲ್ಲಿ ತೋರಿಸುವ ಪುಟ್ಟ ಕಾರ್ಯಕ್ರಮವೊಂದನ್ನು ಬರೆದು, ಅಧ್ಯಾಪಕರ ಕೊಠಡಿಯ ಪರದೆಯ ಮೇಲೂ, ಕಚೇರಿಯ ಜವಾನರ ಆಸನದ ಎದುರಿಗಿದ್ದ ಹಳೆಯ ಪರದೆಯ ಮೇಲೂ ಮೂಡುವಂತೆ ಏರ್ಪಡಿಸಿದೆನು.

ಇದರ ಫಲ ನಾನು ನಿರೀಕ್ಷಿಸಿದ್ದಕ್ಕಿಂತ ಬೇರೆಯಾಗಿತ್ತು. ನಮ್ಮ ಜವಾನರು ಏಳನೆಯ ತರಗತಿಯವರೆಗೆ ಓದಿದವರು. ಕನ್ನಡವನ್ನು ನಿರರ್ಗಳವಾಗಿ ಓದಬಲ್ಲರು. ಅದುವರೆಗೆ ಪ್ರಿಂಟರ್ ನಿಂತಾಗ ಅವರು ಯಾರಾದರೂ ಇಂಗ್ಲಿಷ್ ಬಲ್ಲವರನ್ನು ಕರೆಯಲು ಓಡುತ್ತಿದ್ದರು. “ಅದು ಏನೋ ಹೇಳಾಕತ್ತೈತಿ ಸರ್, ನನಗ ಹೇಳಾಕತ್ತಿಲ್ಲ” ಎಂದು ಒಮ್ಮೆ ನಗುತ್ತ ಅಂದಿದ್ದರು. ಕನ್ನಡದ ಪರದೆ ಬಂದ ಒಂದು ವಾರದೊಳಗೆ ಯಂತ್ರದ ಪಾಲನೆಯನ್ನು ಅವರೇ ವಹಿಸಿಕೊಂಡರು. ಮಳೆಗಾಲದಲ್ಲಿ ಕಾಗದ ತೇವ ಹಿಡಿದು ಸಿಕ್ಕಿಕೊಳ್ಳುವುದೆಂದು ಕಂಡುಕೊಂಡು, ಕಟ್ಟುಗಳನ್ನು ನೆಲದಿಂದ ಎತ್ತಿ ಕಪಾಟಿನೊಳಗಿಟ್ಟವರೂ ಅವರೇ. ಅವರ ಬುದ್ಧಿ ಹಿಂದೆಯೂ ಇದ್ದುದೇ. ಯಂತ್ರದ ಮಾತು ಅವರಿಗೆ ಮುಟ್ಟದಂತೆ ನಡುವೆ ಒಂದು ಗೋಡೆಯಿತ್ತು. ಅದನ್ನು ತೆಗೆದದ್ದಷ್ಟೇ ನನ್ನ ಪಾಲಿನ ಕೆಲಸ.

ಇನ್ನು ‘ಪ್ರಶ್ನೆ’ ಎಂಬ ಮೂರನೆಯ ಸರದಿ. ಅದಕ್ಕೆ ಕಳುಹಿಸಿದ ಬರಹ ಒಡನೆಯೇ ಅಚ್ಚಾಗುವುದಿಲ್ಲ, ತಡೆಹಿಡಿಯಲ್ಪಟ್ಟು ಕಾಯುತ್ತದೆ. ಪ್ರಶ್ನೆಪತ್ರಿಕೆ ರಚಿಸಿದ ಅಧ್ಯಾಪಕರು ಕಚೇರಿಗೆ ಬಂದು, ಪ್ರಿಂಟರಿನ ಬಳಿ ನಿಂತು, ತಮ್ಮ ಗುಪ್ತಪದವನ್ನು ಕೊಟ್ಟು ಬಿಡುಗಡೆ ಮಾಡಿದರೆ ಮಾತ್ರ ಅದು ಹೊರಬರುತ್ತದೆ. ಪ್ರತಿಗಳು ಹೊರಬೀಳುವಾಗ ಯಂತ್ರದ ಮುಂದಿರುವವರು ಅವರೇ. ಆದರೆ ಇದಷ್ಟೇ ಸಾಲದು. ಕಪ್ಸ್ ಬೇರೆ ಅಪ್ಪಣೆಯಿಲ್ಲದಿದ್ದರೆ ಮುದ್ರಿಸಿ ಮುಗಿದ ಬರಹವನ್ನೂ 86,400 ಸೆಕೆಂಡು, ಅಂದರೆ ಒಂದು ಇಡೀ ದಿನ, ತನ್ನಲ್ಲಿ ಉಳಿಸಿಕೊಂಡಿರುತ್ತದೆ. ಮತ್ತೆ ಮುದ್ರಿಸಬೇಕಾದೀತೆಂಬ ಉಪಕಾರಬುದ್ಧಿಯಿಂದ. ಪಾಠಪತ್ರಿಕೆಗೆ ಅದು ಉಪಕಾರವೇ; ಪ್ರಶ್ನೆಪತ್ರಿಕೆಗೆ ಅಪಾಯ. ಸಂರಚನಾ ಕಡತದಲ್ಲಿ ಒಂದೇ ಸಾಲು ತಿದ್ದಿದರೆ ಮುದ್ರಣ ಮುಗಿದೊಡನೆ ಬರಹ ಅಳಿದುಹೋಗುತ್ತದೆ. ಅದರ ಜೊತೆಗೆ, ಬರಹಗಳು ಕಾಯುವ ಸ್ಥಳವನ್ನು ನೆನಪಿನ ಕಾರ್ಡಿನಿಂದ ತೆಗೆದು, ವಿದ್ಯುತ್ ನಿಂತರೆ ತಾನೇ ಬರಿದಾಗುವ ತಾತ್ಕಾಲಿಕ ಸ್ಮೃತಿಗೆ ವರ್ಗಾಯಿಸಿದೆನು. ಅಧ್ಯಾಪಕರ ಯಂತ್ರದಿಂದ ಸರ್ವರಿನವರೆಗಿನ ದಾರಿಯಲ್ಲಿ ಬರಹವು ಗೂಢಲಿಪಿಯಲ್ಲಿ ಸಾಗುವಂತೆಯೂ ಮಾಡಿದೆನು. ಸೈಕ್ಲೋಸ್ಟೈಲಿನ ಕಾಲದಲ್ಲಿ ಸ್ಟೆನ್ಸಿಲ್ ಸುಡುತ್ತಿದ್ದೆವಲ್ಲ, ಇದು ಅದೇ ಆಚಾರದ ಹೊಸ ರೂಪ. ಗುಮಾಸ್ತರ ಗಣಕಯಂತ್ರದಲ್ಲಿ ಈಗ ಯಾವ ಪ್ರಶ್ನೆಪತ್ರಿಕೆಯೂ ಇರುವುದಿಲ್ಲ. ಅವರು ತಮ್ಮ ನಿರಪರಾಧಿತ್ವವನ್ನು ಯಾರಿಗೂ ತೋರಿಸಬೇಕಾದ ಪ್ರಮೇಯವೂ ಇಲ್ಲ.

ಕೊನೆಯದಾಗಿ ಬಂದ ಸಮಸ್ಯೆ ತಂತ್ರದ್ದಲ್ಲ, ಮನುಷ್ಯರದ್ದು. ಕಾಗದದ ಖರ್ಚು ಹೆಚ್ಚಾಯಿತೆಂದು ಆಡಳಿತದವರೊಬ್ಬರು, ಯಾರು ಯಾವ ಬರಹವನ್ನು ಎಷ್ಟು ಮುದ್ರಿಸಿದರೆಂಬ ಪಟ್ಟಿಯನ್ನು ತಿಂಗಳಿಗೊಮ್ಮೆ ಕೊಡಬೇಕೆಂದು ಕೇಳಿದರು. ಸರ್ವರ್ ಇಂತಹ ದಿನಚರಿಯನ್ನು ಬರೆಯಬಲ್ಲದು. ಅದರಲ್ಲಿ ಏನೇನಿರಬೇಕೆಂಬುದನ್ನು ನಾವೇ ಗೊತ್ತುಮಾಡಬಹುದು. ಅಧ್ಯಾಪಕರ ಸಭೆಯಲ್ಲಿ ಹಿರಿಯ ಅಧ್ಯಾಪಿಕೆಯೊಬ್ಬರು ಎದ್ದುನಿಂತು ಹೇಳಿದ ಮಾತು ಇಂದಿಗೂ ನನ್ನ ನೆನಪಿನಲ್ಲಿದೆ: “ನನ್ನ ತಾಯಿಯ ಆಸ್ಪತ್ರೆಯ ವರದಿಯನ್ನು ಮುಖ್ಯೋಪಾಧ್ಯಾಯರ ಅನುಮತಿ ಪಡೆದೇ ಇಲ್ಲಿ ಮುದ್ರಿಸಿಕೊಂಡಿದ್ದೇನೆ. ಎರಡು ಹಾಳೆಯ ಲೆಕ್ಕ ಕೊಡುತ್ತೇನೆ. ಕಾಯಿಲೆಯ ಹೆಸರನ್ನೇಕೆ ಕೊಡಲಿ?” ಅವರ ಮಾತಿನಲ್ಲಿ ನ್ಯಾಯವಿತ್ತು. ಲೆಕ್ಕ ಕೇಳುವವರ ಮಾತಿನಲ್ಲಿಯೂ ನ್ಯಾಯವಿತ್ತು, ಏಕೆಂದರೆ ಕಾಗದದ ಹಣ ಮಕ್ಕಳ ಹಣ. ಬಳಸಿದವರ ಹೆಸರು, ದಿನಾಂಕ, ಪುಟಗಳ ಸಂಖ್ಯೆ, ಈ ಮೂರನ್ನು ಮಾತ್ರ ಬರೆದು, ಬರಹದ ಶೀರ್ಷಿಕೆಯನ್ನು ಬರೆಯದಂತೆ ದಿನಚರಿಯ ಸ್ವರೂಪವನ್ನು ಹೊಂದಿಸಬಹುದೆಂದು ನಾನು ಸೂಚಿಸಿದೆ. ಚರ್ಚೆ ಒಂದು ಗಂಟೆ ನಡೆದು ಹಾಗೆಯೇ ತೀರ್ಮಾನವಾಯಿತು. ಸರದಿಯಲ್ಲಿ ಕಾಯುತ್ತಿರುವ ಬರಹಗಳ ಹೆಸರು ಇತರರಿಗೆ ಕಾಣದಂತೆ ಮರೆಮಾಡುವ ಏರ್ಪಾಟು ತಂತ್ರಾಂಶದಲ್ಲಿ ಮೊದಲೇ ಇತ್ತು. ಅದನ್ನು ಹಾಗೆಯೇ ಉಳಿಸಿದೆವು. ವಿದ್ಯಾರ್ಥಿಗಳಿಗೆ ವಾರಕ್ಕೆ ಹತ್ತು ಪುಟಗಳ ಮಿತಿಯಿಟ್ಟು, ಆ ಮಿತಿಯನ್ನು ಪ್ರಯೋಗಾಲಯದ ಬಾಗಿಲಿನ ಮೇಲೆ ಬರೆದು ಅಂಟಿಸಿದೆವು. ಗುಟ್ಟಾಗಿ ಜಾರಿಗೆ ಬಂದ ಮಿತಿ ಶಿಕ್ಷೆಯಂತೆ ತೋರುತ್ತದೆ. ಬರೆದು ಹಾಕಿದ ಮಿತಿಯನ್ನು ಮಕ್ಕಳು ನಿಯಮವೆಂದು ಒಪ್ಪುತ್ತಾರೆ.

ಪ್ರಿಂಟ್ ಸರ್ವರ್ ಎಂಬುದು ಒಂದು ಯಂತ್ರೋಪಕರಣವೆಂದು ತಿಳಿದು ನಾನು ಕೆಲಸಕ್ಕೆ ತೊಡಗಿದ್ದೆ. ಕೆಲಸ ಮುಗಿಯುವ ಹೊತ್ತಿಗೆ ನನ್ನ ಮುಂದಿದ್ದ ಪ್ರಶ್ನೆಗಳೆಲ್ಲ ಹಂಚಿಕೊಂಡು ಬಾಳುವವರ ಪ್ರಶ್ನೆಗಳಾಗಿದ್ದವು. ಯಾರು ಮೊದಲು? ಒಬ್ಬರ ಅಡಚಣೆಗೆ ಎಲ್ಲರೂ ನಿಲ್ಲಬೇಕೆ? ಯಂತ್ರ ಯಾರ ಭಾಷೆಯಲ್ಲಿ ಮಾತನಾಡಬೇಕು? ಏನನ್ನು ನೆನಪಿಡಬೇಕು, ಏನನ್ನು ಮರೆಯಬೇಕು? ಇವಕ್ಕೆಲ್ಲ ಕಾರ್ಖಾನೆಯಿಂದ ಬಂದ ಉತ್ತರಗಳು ಮೊದಲೇ ಅದರೊಳಗೆ ಇರುತ್ತವೆ. ಅವು ಕೆಟ್ಟವೇ ಆಗಿರಬೇಕೆಂದಿಲ್ಲ. ಆದರೆ ನಮ್ಮನ್ನು ಕಾಣದವರು ನಮಗಾಗಿ ಬರೆದವು. ಅವುಗಳನ್ನು ತೆರೆದು ನೋಡಿ, ನಾವು ನಾವೇ ಕುಳಿತು ಚರ್ಚಿಸಿ ತಿದ್ದಿಕೊಳ್ಳುವವರೆಗೆ, ಆ ಯಂತ್ರ ನಮ್ಮ ಕೊಠಡಿಯಲ್ಲಿದ್ದರೂ ನಮ್ಮದಲ್ಲ.

ಈಗಲೂ ತೊಂದರೆಗಳಿವೆ. ವಿದ್ಯುತ್ ಹಠಾತ್ತಾಗಿ ಹೋದರೆ ಹಲಗೆಯ ನೆನಪಿನ ಕಾರ್ಡು ಕೆಡಬಹುದಾದ್ದರಿಂದ ಚಿಕ್ಕದೊಂದು ಯುಪಿಎಸ್ಸನ್ನೂ, ಎಲ್ಲ ಏರ್ಪಾಟುಗಳೂ ಇರುವ ಇನ್ನೊಂದು ಕಾರ್ಡನ್ನೂ ಬೀರುವಿನಲ್ಲಿಟ್ಟಿದ್ದೇವೆ. ನನ್ನ ನಿವೃತ್ತಿ ಸಮೀಪಿಸುತ್ತಿರುವುದರಿಂದ, ತಿದ್ದಿದ ಪ್ರತಿಯೊಂದು ಸಾಲನ್ನೂ ತಿದ್ದಿದ ಕಾರಣವನ್ನೂ ಇನ್ನೂರು ಪುಟದ ನೋಟ್‌ಬುಕ್ಕೊಂದರಲ್ಲಿ ಕನ್ನಡದಲ್ಲಿ ಬರೆದಿಡುತ್ತಿದ್ದೇನೆ. ಒಂಬತ್ತನೆಯ ತರಗತಿಯ ಇಬ್ಬರು ವಿದ್ಯಾರ್ಥಿನಿಯರು ಶನಿವಾರದ ಅರ್ಧದಿನ ಮುಗಿದ ಮೇಲೆ ಬಂದು ಅದನ್ನು ಓದಿ, ಖಾಲಿ ಕಾರ್ಡಿನ ಮೇಲೆ ಮೊದಲಿನಿಂದ ಸರ್ವರನ್ನು ಕಟ್ಟಲು ಕಲಿಯುತ್ತಿದ್ದಾರೆ. ಕಳೆದ ವಾರ ಅವರಲ್ಲೊಬ್ಬಳು, ‘ಮುಚ್ಚಳ ತೆರೆದಿದೆ’ ಎಂದಷ್ಟೇ ಹೇಳಿದರೆ ಸಾಲದು, ಯಾವ ಮುಚ್ಚಳವೆಂದು ಹೇಳಬೇಕು, ಈ ಪ್ರಿಂಟರಿಗೆ ಎರಡು ಮುಚ್ಚಳಗಳಿವೆ ಎಂದು ತೋರಿಸಿಕೊಟ್ಟಳು. ಯಂತ್ರ ಅಷ್ಟು ವಿವರ ತಿಳಿಸದು. ಆದ್ದರಿಂದ ‘ಮುಂದಿನ, ಹಿಂದಿನ ಮುಚ್ಚಳಗಳೆರಡನ್ನೂ ನೋಡಿರಿ’ ಎಂದು ಆಕೆಯೇ ಆ ಸಾಲನ್ನು ತಿದ್ದಿ, ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಸಹಿ ಮಾಡಿದ್ದಾಳೆ.